ಲೈಟ್ ಆರಿತ್ತು, ವಾಲ್ವ್ ತೆರೆದೇ ಇತ್ತು: ಫೌಂಡ್ರಿಯೊಂದರ ರಿಲೇ ಔಟ್‌ಪುಟ್ ಮಾಡ್ಯೂಲ್ ಪ್ರಕರಣ

ಬೆಳಗಾವಿಯ ಉದ್ಯಮಬಾಗ್‌ನಲ್ಲಿರುವ ಒಂದು ಫೌಂಡ್ರಿಯಿಂದ ಬಂದ ದೂರು ಇಷ್ಟೇ: ನಾಕೌಟ್ ವಿಭಾಗದ ಬ್ಯಾಗ್ ಫಿಲ್ಟರಿಗೆ (ಚೀಲಗಳಿಂದ ಧೂಳು ಸೋಸುವ ಯಂತ್ರಕ್ಕೆ) ಹಾಕಿರುವ ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರಿನಲ್ಲಿ) ರಿಲೇ ಔಟ್‌ಪುಟ್ ಮಾಡ್ಯೂಲ್ ಎರಡು-ಎರಡೂವರೆ ತಿಂಗಳಿಗೊಮ್ಮೆ ಕೆಡುತ್ತಿದೆ. ರಿಲೇ ಎಂದರೆ ಕಾಯಿಲಿಗೆ (ಸುರುಳಿಗೆ) ಕರೆಂಟ್ ಕೊಟ್ಟಾಗ ಎರಡು ಲೋಹದ ಪಾಯಿಂಟ್‌ಗಳನ್ನು ಕೂಡಿಸುವ ಸ್ವಿಚ್. ಹೊಸದು ಹಾಕಿದರೆ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ವರ್ಷ ತುಂಬುವುದರೊಳಗೆ ನಾಲ್ಕನೆಯ ಮಾಡ್ಯೂಲ್ ಹೋದಾಗ ಪರ್ಚೇಸ್‌ನವರು ಕಂಪನಿಯನ್ನೇ ಬದಲಿಸಿಬಿಡೋಣ ಎನ್ನುತ್ತಿದ್ದರು. ಮೇಂಟೆನೆನ್ಸ್‌ನವರಿಗೆ 24 ವೋಲ್ಟ್ ಕೊಡುವ ಪವರ್ ಸಪ್ಲೈ (ಎಸ್‌ಎಂಪಿಎಸ್) ಮೇಲೆ ಅನುಮಾನ. ಪ್ಯಾನೆಲ್ ಮಾಡಿಕೊಟ್ಟವರು ಧೂಳಿನ ಕಡೆ ಕೈ ತೋರಿಸುತ್ತಿದ್ದರು. ಮಾಡ್ಯೂಲ್ ಯಾವ ಕಂಪನಿಯದು ಎಂದು ಇಲ್ಲಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ತಪ್ಪು ಅದರದ್ದಾಗಿರಲಿಲ್ಲ.

ಇದನ್ನು ಒಂದು ಬಿಡಿಭಾಗದ ಖರ್ಚಿನ ವಿಷಯವೆಂದು ನೋಡಿದರೆ ಇಷ್ಟುದ್ದ ಬರೆಯಬೇಕಿರಲಿಲ್ಲ. ನಾಕೌಟ್ ಎಂದರೆ ಎರಕ ಹೊಯ್ದ ಅಚ್ಚನ್ನು ಅದುರುವ ಜಾಲರಿಯ ಮೇಲೆ ಒಡೆದು ಮರಳನ್ನೂ ಕಾಸ್ಟಿಂಗನ್ನೂ ಬೇರೆ ಮಾಡುವ ಜಾಗ. ಆ ಮರಳು ಸಿಲಿಕಾ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಶ್ವಾಸಕೋಶಕ್ಕೆ ಇಳಿದು ನಿಂತರೆ ಸಿಲಿಕೋಸಿಸ್. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲೇ ಹೆಸರಿದ್ದ, ಗುಣವಾಗದ ರೋಗ. ಅಲ್ಲಿ ಪಾಳಿಯಲ್ಲಿ ನಿಲ್ಲುವವರಿಗೂ ಆ ಧೂಳಿಗೂ ನಡುವೆ ಇರುವುದು ಆ ಫಿಲ್ಟರ್. ಅದರ ಚೀಲಗಳನ್ನು ಶುಚಿಯಾಗಿಡುವ ಕೆಲಸ ಎಂಟು ವಾಲ್ವ್‌ಗಳದ್ದು. ಆ ವಾಲ್ವ್‌ಗಳ ಕೆಲಸ ನಿಂತಿರುವುದು ಬೆರಳಿನ ಉಗುರಿಗಿಂತ ಸಣ್ಣ ಬೆಳ್ಳಿ ಮಿಶ್ರಲೋಹದ ಪಾಯಿಂಟ್‌ಗಳ ಮೇಲೆ.

ವ್ಯವಸ್ಥೆ ಹೀಗಿತ್ತು. ಫಿಲ್ಟರಿನಲ್ಲಿ ಚೀಲಗಳ ಎಂಟು ಸಾಲು, ಸಾಲಿಗೊಂದು ಪಲ್ಸ್ ವಾಲ್ವ್. ಪ್ರತಿ ವಾಲ್ವಿಗೆ 24 ವೋಲ್ಟ್ ಡಿಸಿ ಸೊಲೆನಾಯ್ಡ್ (ವಾಲ್ವ್ ತೆರೆಯುವ ವಿದ್ಯುತ್ ಸುರುಳಿ), ಸುಮಾರು 20 ವ್ಯಾಟ್, ಅಂದರೆ 0.83 ಆಂಪಿಯರ್. ಪಿಎಲ್‌ಸಿ ಒಂದೊಂದೇ ವಾಲ್ವನ್ನು 100 ಮಿಲಿಸೆಕೆಂಡ್ ತೆರೆಯುತ್ತದೆ. ಹೆಡರ್ ಎಂಬ ಗಾಳಿಯ ಕೊಳವೆಯಲ್ಲಿ 5-6 ಬಾರ್ ಒತ್ತಡದಲ್ಲಿ ಕಾದಿರುವ ಗಾಳಿ ಒಮ್ಮೆಲೇ ಚೀಲದೊಳಕ್ಕೆ ನುಗ್ಗಿ ಹೊರಮೈಗೆ ಅಂಟಿದ ಧೂಳನ್ನು ಕೊಡವುತ್ತದೆ. ಧೂಳು ಕೆಳಗಿನ ಹಾಪರಿಗೆ ಬಿದ್ದು, ರೋಟರಿ ಏರ್‌ಲಾಕ್ (ಗಾಳಿ ಸೋರದಂತೆ ಧೂಳನ್ನು ಹೊರಬಿಡುವ ತಿರುಗುವ ವಾಲ್ವ್) ಮತ್ತು ಸ್ಕ್ರೂ ಕನ್ವೇಯರ್ ಮೂಲಕ ಹೊರಬೀಳುತ್ತದೆ. ಔಟ್‌ಪುಟ್ ಮಾಡ್ಯೂಲ್ 16 ರಿಲೇಗಳದ್ದು, ನಾಲ್ಕು ನಾಲ್ಕಕ್ಕೆ ಒಂದು ಕಾಮನ್, ಅಂದರೆ ಸರಬರಾಜು ಬರುವ ಹಂಚಿಕೆಯ ಟರ್ಮಿನಲ್. ಮೊದಲ ಎರಡು ಕಾಮನ್‌ಗಳಲ್ಲಿ ಎಂಟು ವಾಲ್ವ್. ಮೂರನೆಯದರಲ್ಲಿ 230 ವೋಲ್ಟ್ ಎಸಿ: ಏರ್‌ಲಾಕಿನ ಕಾಂಟ್ಯಾಕ್ಟರ್ (ಮೋಟರಿನ ದೊಡ್ಡ ಸ್ವಿಚ್), ಸ್ಕ್ರೂ ಕಾಂಟ್ಯಾಕ್ಟರ್, ಹೂಟರ್. ನಾಲ್ಕನೆಯದರಲ್ಲಿ ಫ್ಯಾನ್ ಪ್ಯಾನೆಲ್ಲಿಗೆ ಹೋಗುವ ಒಂದೇ ಒಂದು ಸಿಗ್ನಲ್.

ಪ್ಯಾನೆಲ್ ಬಾಗಿಲು ತೆಗೆದು ನಿಂತಿದ್ದಾಗಲೇ ಮೇಲಿನಿಂದ ಗಾಳಿ ಬುಸುಗುಡುವ ಸದ್ದು ನಿಲ್ಲದೆ ಬರತೊಡಗಿತು. ಹೆಲ್ಪರ್ ಹುಡುಗ ಕೂಗಿದ: "ಕಾಕಾ, ಮೂರನೇದ್ದು ಮತ್ತ ಹಿಡಕೊಂಡೈತಿ ನೋಡ್ರಿ." ಹಿರಿಯ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಹಿಡಿಯ ತುದಿಯಿಂದ ಮಾಡ್ಯೂಲಿನ ಮೈಗೆ ಎರಡು ಸಲ ತಟ್ಟಿದರು. ಸದ್ದು ನಿಂತಿತು. "ಏನೂ ಇಲ್ರೀ ಸರ, ಹಿಂಗ ತಟ್ಟಿದ್ರ ಬಿಡತೈತ್ರಿ. ಮತ್ತ ಒಂದ್ ವಾರ ತ್ರಾಸ ಕೊಡಂಗಿಲ್ಲ" ಎಂದರು.

ಇಡೀ ಪ್ರಕರಣದ ಗುಟ್ಟು ಆ ಎರಡು ತಟ್ಟುಗಳಲ್ಲಿತ್ತು. ಎಲೆಕ್ಟ್ರಾನಿಕ್ ದೋಷ ಸಾಮಾನ್ಯವಾಗಿ ತಟ್ಟಿದರೆ ಹೋಗುವುದಿಲ್ಲ. ತಟ್ಟಿದಾಗ ಬಿಟ್ಟುಕೊಂಡಿದೆ ಎಂದರೆ ಒಂದಕ್ಕೊಂದು ಹಿಡಿದುಕೊಂಡ ಲೋಹ ಬಿಡಿಸಿಕೊಂಡಿದೆ ಎಂದರ್ಥ.

ಇನ್ನೊಂದು ಸುಳಿವು ಎಲ್ಲರ ಕಣ್ಣೆದುರೇ ಇತ್ತು, ಅದನ್ನೇ ಎಲ್ಲರೂ ತಪ್ಪಾಗಿ ಓದಿದ್ದರು. ಸ್ವಲ್ಪ ಹೊತ್ತಿಗೆ ವಾಲ್ವ್ ಮತ್ತೆ ಹಿಡಿದುಕೊಂಡಾಗ ಮಲ್ಟಿಮೀಟರಿನ ಒಂದು ಪ್ರೋಬನ್ನು 0 ವೋಲ್ಟ್ ಟರ್ಮಿನಲ್‌ಗೂ ಇನ್ನೊಂದನ್ನು ಮೂರನೆಯ ಔಟ್‌ಪುಟ್‌ಗೂ ಇಟ್ಟೆವು. ಮೀಟರ್ 23.6 ವೋಲ್ಟ್ ತೋರಿಸಿತು. ಆದರೆ ಮಾಡ್ಯೂಲಿನ ಮುಖದ ಮೇಲೆ ಮೂರನೆಯ ಎಲ್‌ಇಡಿ ಆರಿತ್ತು. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತೆರೆದರೆ ಅಲ್ಲಿಯೂ ಔಟ್‌ಪುಟ್ ಸೊನ್ನೆ. ಎಲ್‌ಇಡಿ ಆರಿದ್ದನ್ನು ನೋಡಿ ಮೇಂಟೆನೆನ್ಸ್‌ನವರು ಮೊದಲು ವಾಲ್ವ್ ಬಿಚ್ಚಿದ್ದರು, ಡಯಾಫ್ರಮ್ ಬದಲಿಸಿದ್ದರು, ಪೈಲಟ್ ರಂಧ್ರ ಶುಚಿ ಮಾಡಿದ್ದರು. ರಿಲೇ ಮಾಡ್ಯೂಲಿನ ಎಲ್‌ಇಡಿ ತೋರಿಸುವುದು ರಿಲೇಯ ಕಾಯಿಲಿಗೆ ಹೋದ ಆಜ್ಞೆಯನ್ನು. ಪಾಯಿಂಟ್ ಕೂಡಿತೇ, ಬಿಟ್ಟಿತೇ ಎಂಬುದು ಆ ದೀಪಕ್ಕೆ ಗೊತ್ತಿಲ್ಲ. ಸಾಮಾನ್ಯ ರಿಲೇ ಮಾಡ್ಯೂಲಿನಲ್ಲಿ ಪಿಎಲ್‌ಸಿಗೂ ಗೊತ್ತಾಗುವುದಿಲ್ಲ. ಪಾಯಿಂಟ್‌ನಿಂದ ಹಿಂದಕ್ಕೆ ಸುದ್ದಿ ತರುವ ದಾರಿಯೇ ಅದರೊಳಗೆ ಇರುವುದಿಲ್ಲ. ರಿಲೇ ಔಟ್‌ಪುಟ್ ಅನುಮಾನವಿದ್ದಾಗ ಮೊದಲು ಮೀಟರ್ ಇಡಬೇಕು, ದೀಪ ನೋಡಬಾರದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಹಳೆಯ ಮಾಡ್ಯೂಲ್‌ಗಳಲ್ಲಿ ಒಂದನ್ನು ಸ್ಟೋರಿನಿಂದ ತರಿಸಿ, ಬೋರ್ಡಿನಿಂದ ರಿಲೇಗಳನ್ನು ಬಿಡಿಸಿ, ಪ್ಲಾಸ್ಟಿಕ್ ಮುಚ್ಚಳವನ್ನು ಹ್ಯಾಕ್ಸಾ ಬ್ಲೇಡಿನಿಂದ ಸೀಳಿ ತೆಗೆದೆವು. ವಾಲ್ವ್‌ಗಳಿಗೆ ಹೋಗುತ್ತಿದ್ದ ರಿಲೇಗಳ ಒಳಗೋಡೆಯೆಲ್ಲ ಕಪ್ಪು ಮಸಿ. ಕನ್ನಡಿ ಹಿಡಿದು ನೋಡಿದರೆ ಒಂದು ಪಾಯಿಂಟಿನ ನಡುವೆ ಲೋಹ ಗುಬುಟಾಗಿ ಎದ್ದಿತ್ತು, ಎದುರಿನ ಪಾಯಿಂಟಿನಲ್ಲಿ ಅಷ್ಟೇ ಅಗಲದ ಕುಳಿ. ಗುಬುಟು ಕುಳಿಯೊಳಗೆ ಸರಿಯಾಗಿ ಹೋಗಿ ಕೂರುವಂತಿತ್ತು. ಹೂಟರಿಗೆ ಹೋಗುತ್ತಿದ್ದ ರಿಲೇಯನ್ನೂ ಸೀಳಿದೆವು. ಪಾಯಿಂಟ್ ಇನ್ನೂ ಹೊಳೆಯುತ್ತಿತ್ತು. ಒಂದೇ ಮಾಡ್ಯೂಲ್, ಒಂದೇ ಧೂಳು, ಒಂದೇ ಎಸ್‌ಎಂಪಿಎಸ್. ಧೂಳಿನ ವಾದವೂ ಎಸ್‌ಎಂಪಿಎಸ್ ವಾದವೂ ಆ ಮೇಜಿನ ಮೇಲೆಯೇ ಮುಗಿದವು.

ಗುಬುಟು ಮತ್ತು ಕುಳಿ ಡಿಸಿ ಲೋಡಿನ ಗುರುತು. ಎಸಿಯಲ್ಲಿ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿಗೆ ಆರಿಹೋಗಲು ಅವಕಾಶ ಸಿಗುತ್ತದೆ, ದಿಕ್ಕೂ ಬದಲಾಗುತ್ತಿರುತ್ತದೆ. ಡಿಸಿಯಲ್ಲಿ ಆ ಸೊನ್ನೆಯಿಲ್ಲ. ಬೆಳ್ಳಿಯ ಪಾಯಿಂಟ್‌ಗಳ ನಡುವೆ ಸುಮಾರು 12 ವೋಲ್ಟ್ ಮತ್ತು 0.4 ಆಂಪಿಯರ್ ಮೀರಿದರೆ ಬಿಡುವಾಗ ಆರ್ಕ್ ನಿಲ್ಲಬಲ್ಲದು. ನಮ್ಮ ಲೋಡ್ ಎರಡನ್ನೂ ಮೀರಿತ್ತು. ಅದರ ಮೇಲೆ ಸೊಲೆನಾಯ್ಡ್ ಎಂದರೆ ಸುರುಳಿ, ಅದು ತನ್ನಲ್ಲಿ ಶಕ್ತಿ ಕೂಡಿಟ್ಟುಕೊಂಡಿರುತ್ತದೆ. ಪಾಯಿಂಟ್ ಬಿಟ್ಟುಕೊಳ್ಳುವ ಕ್ಷಣದಲ್ಲಿ ಪ್ರವಾಹವನ್ನು ಹರಿಸುತ್ತಲೇ ಇರಲು ಅದು ಹಟ ಹಿಡಿಯುತ್ತದೆ, ವೋಲ್ಟೇಜನ್ನು ಏರಿಸುತ್ತದೆ. ಆಸಿಲೋಸ್ಕೋಪ್ ಹಾಕಿ ನೋಡಿದಾಗ 24 ವೋಲ್ಟಿನ ಆ ತಂತಿಯಲ್ಲಿ ಬಿಡುವ ಹೊತ್ತಿಗೆ ಮುನ್ನೂರು ವೋಲ್ಟ್ ಮೀರಿದ ಮೊನೆಗಳು ಕಂಡವು. ಆ ಶಕ್ತಿಯೆಲ್ಲ ಖರ್ಚಾಗುತ್ತಿದ್ದದ್ದು ಪಾಯಿಂಟ್‌ಗಳ ನಡುವಿನ ಆರ್ಕಿನಲ್ಲಿ. ಪ್ರತಿ ಬಾರಿಯೂ ಒಂದು ಕಡೆಯಿಂದ ಚೂರು ಲೋಹ ಕರಗಿ ಇನ್ನೊಂದು ಕಡೆಗೆ ಹೋಗಿ ಕೂರುತ್ತಿತ್ತು. ಡಿಫರೆನ್ಷಿಯಲ್ ಪ್ರೆಷರ್ (ಡಿಪಿ, ಅಂದರೆ ಚೀಲಗಳ ಎರಡು ಬದಿಯ ಒತ್ತಡದ ವ್ಯತ್ಯಾಸ) ಟ್ರಾನ್ಸ್‌ಮಿಟರಿನ ರೀಡಿಂಗ್ ಯಾಕೆ ಪ್ರತಿ ಪಲ್ಸಿಗೂ ಕುಣಿಯುತ್ತದೆ ಎಂಬ ಬೇರೊಂದು ಹಳೆಯ ದೂರಿಗೂ ಅಲ್ಲೇ ಉತ್ತರ ಸಿಕ್ಕಿತು. ಅದರ ಕೇಬಲ್ ಈ ವಾಲ್ವ್ ಕೇಬಲ್‌ಗಳ ಜೊತೆಯೇ ಒಂದೇ ಟ್ರೇನಲ್ಲಿ ಬರುತ್ತಿತ್ತು.

ಎಂಟು ಸೊಲೆನಾಯ್ಡ್‌ಗಳಲ್ಲಿ ಒಂದಕ್ಕೂ ಈ ಮೊನೆಯನ್ನು ಅಡಗಿಸುವ ಡಯೋಡ್ ಇರಲಿಲ್ಲ.

ಲೆಕ್ಕ ಮಾಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು

ಪ್ಯಾನೆಲ್ ಮಾಡಿದವರ ಸಮರ್ಥನೆ ಕೇಳಲು ಸರಿಯಾಗಿಯೇ ಇತ್ತು. ರಿಲೇ 2 ಆಂಪಿಯರಿನದು, ನಮ್ಮ ಲೋಡ್ ಒಂದು ಆಂಪಿಯರೂ ಇಲ್ಲ. ಆಯಸ್ಸು ಡೇಟಾಶೀಟಿನ ಪ್ರಕಾರ ಒಂದು ಕೋಟಿ ಸಲ. ಈ ಎರಡು ಮಾತುಗಳೂ ಸುಳ್ಳಲ್ಲ, ಆದರೆ ಎರಡನ್ನೂ ಅರ್ಧ ಓದಿದ್ದರು.

2 ಆಂಪಿಯರ್ ಎಂಬುದು ರೆಸಿಸ್ಟಿವ್ ಲೋಡಿಗೆ, ಅಂದರೆ ಹೀಟರಿನಂಥದ್ದಕ್ಕೆ. ಸುರುಳಿಯ ಲೋಡಿಗೆ ಐಇಸಿ 60947-5-1 ಮಾನಕ ಬೇರೆಯೇ ವರ್ಗಗಳನ್ನು ಹೇಳುತ್ತದೆ: ಎಸಿ ಕಾಯಿಲ್‌ಗಳಿಗೆ ಎಸಿ-15, ಡಿಸಿ ಕಾಯಿಲ್‌ಗಳಿಗೆ ಡಿಸಿ-13. ಒಂದೇ ಪಾಯಿಂಟ್ ಡಿಸಿ-13ರಲ್ಲಿ ತಾಳುವ ಪ್ರವಾಹ ರೆಸಿಸ್ಟಿವ್ ಅಂಕಿಗಿಂತ ತುಂಬ ಕಡಿಮೆ. ಇನ್ನು ಒಂದು ಕೋಟಿ. ಅದು ಮೆಕ್ಯಾನಿಕಲ್ ಆಯಸ್ಸು. ಪಾಯಿಂಟಿನಲ್ಲಿ ಪ್ರವಾಹವೇ ಇಲ್ಲದೆ ಬರೀ ಟಕ್ ಟಕ್ ಎಂದರೆ ಸ್ಪ್ರಿಂಗೂ ಆರ್ಮೇಚರೂ ಎಷ್ಟು ಸಲ ತಾಳುತ್ತವೆ ಎಂಬ ಅಂಕಿ. ಲೋಡಿನೊಂದಿಗಿನ ಆಯಸ್ಸು ಅದರ ಕೆಳಗಿನ ಸಾಲಿನಲ್ಲಿರುತ್ತದೆ. ಸೀಮೆನ್ಸ್ ಎಸ್7-1200ರ ರಿಲೇ ಔಟ್‌ಪುಟ್‌ಗಳಿಗೆ ಈ ಎರಡು ಅಂಕಿಗಳು ಒಂದು ಕೋಟಿ ಮತ್ತು ಒಂದು ಲಕ್ಷ. ನೂರು ಪಟ್ಟು ವ್ಯತ್ಯಾಸ. ಮಿತ್ಸುಬಿಷಿಯ ಎಫ್‌ಎಕ್ಸ್3 ಸರಣಿಯ ಕೈಪಿಡಿ ಇನ್ನೂ ಬಿಡಿಸಿ ಹೇಳುತ್ತದೆ: ಕಾಂಟ್ಯಾಕ್ಟರ್, ಸೊಲೆನಾಯ್ಡ್‌ನಂಥ ಎಸಿ ಲೋಡ್ 20 ವಿಎ (ವೋಲ್ಟ್-ಆಂಪಿಯರ್) ಇದ್ದರೆ 30 ಲಕ್ಷ ಸಲ, 35 ವಿಎಗೆ 10 ಲಕ್ಷ, 80 ವಿಎಗೆ 2 ಲಕ್ಷ. ಲೋಡ್ ನಾಲ್ಕು ಪಟ್ಟಾದರೆ ಆಯಸ್ಸು ಹದಿನೈದರಲ್ಲಿ ಒಂದು ಪಾಲು. ಪಿಎಲ್‌ಸಿ ಕೈಪಿಡಿಗಳಲ್ಲಿ ಎಲ್ಲರೂ ಓದಬೇಕಾದ ಪುಟ ಯಾವುದೆಂದು ಕೇಳಿದರೆ ನಾನು ತೋರಿಸುವುದು ಆ ಕೋಷ್ಟಕವನ್ನು.

ಈಗ ಫೌಂಡ್ರಿಯ ಲೆಕ್ಕ. ಪಲ್ಸ್‌ಗಳ ನಡುವೆ 6 ಸೆಕೆಂಡ್ ಅಂತರ, ಎಂಟು ವಾಲ್ವ್, ಸುತ್ತು ಮುಗಿಯಲು 48 ಸೆಕೆಂಡ್. ಪ್ರತಿ ರಿಲೇ ಗಂಟೆಗೆ 75 ಸಲ ಕೆಲಸ ಮಾಡುತ್ತದೆ. ಎರಡು ಪಾಳಿ, 16 ಗಂಟೆ: ದಿನಕ್ಕೆ 1,200. ತಿಂಗಳಿಗೆ 26 ದಿನ: 31,200. ಒಂದು ಕೋಟಿಯನ್ನು ನಂಬಿದರೆ 26 ವರ್ಷಕ್ಕೂ ಮೇಲೆ ಬಾಳಬೇಕು. ಒಂದು ಲಕ್ಷ ಎಂದು ಹಿಡಿದರೆ 83 ದಿನದ ಕೆಲಸ, ಮೂರು ತಿಂಗಳ ಮೇಲೆ ಸ್ವಲ್ಪ. ಅದೂ ಡಯೋಡ್ ಇಲ್ಲದ ಡಿಸಿ ಸುರುಳಿಯಾದ್ದರಿಂದ ಅದಕ್ಕಿಂತ ತುಸು ಮುಂಚೆಯೇ. ಎರಡೂವರೆ ತಿಂಗಳಿಗೊಮ್ಮೆ ಕೆಟ್ಟ ಮಾಡ್ಯೂಲ್ ಕಳಪೆಯದಲ್ಲ, ತಾನು ಕೊಟ್ಟ ಮಾತಿನಷ್ಟು ದುಡಿದು ಸತ್ತಿದೆ.

ಇದೇ ಫಿಲ್ಟರ್ ಮೊದಲ ವರ್ಷ ಇಷ್ಟು ತೊಂದರೆ ಕೊಟ್ಟಿರಲಿಲ್ಲ ಎಂದು ಆಪರೇಟರ್ ಹೇಳಿದಾಗ ಇನ್ನೊಂದು ಎಳೆ ಸಿಕ್ಕಿತು. ಮೊದಲು ಅಂತರ 20 ಸೆಕೆಂಡ್ ಇತ್ತಂತೆ. ಬದಲಿಸಿದ್ದು ಯಾಕೆ? "ಡಿಪಿ ಏರಾಕತ್ತಿತ್ರಿ, ಅದಕ ಸೆಕೆಂಡ್ ಕಡಿಮಿ ಮಾಡೀವ್ರಿ." 20 ಸೆಕೆಂಡಿನಲ್ಲಿ ದಿನಕ್ಕೆ 360 ಸಲ, ಲಕ್ಷ ಮುಟ್ಟಲು ಸುಮಾರು ಹತ್ತೂವರೆ ತಿಂಗಳು. ಅಷ್ಟರಲ್ಲಿ ಮೊದಲ ಪಾಯಿಂಟ್ ಹಿಡಿದುಕೊಳ್ಳತೊಡಗಿತು. ಒಂದು ವಾಲ್ವ್ ತೆರೆದೇ ನಿಂತರೆ ಹೆಡರಿನ ಒತ್ತಡ 2 ಬಾರ್‌ಗೆ ಇಳಿಯುತ್ತದೆ, ಉಳಿದ ಏಳು ವಾಲ್ವ್ ತೆರೆದರೂ ಕೊಡವಲು ಗಾಳಿಯಲ್ಲಿ ಬಲವಿಲ್ಲ. ಚೀಲಗಳಲ್ಲಿ ಧೂಳು ಕಟ್ಟಿ ಡಿಪಿ ಏರುತ್ತದೆ. ಡಿಪಿ ಏರಿದ್ದನ್ನು ಕಂಡವರು ಶುಚಿ ಮಾಡುವುದು ಸಾಲದು ಎಂದುಕೊಂಡು ಅಂತರ ಕಡಿಮೆ ಮಾಡುತ್ತಾರೆ. ಅಂತರ ಕಡಿಮೆಯಾದಷ್ಟೂ ಮಿಕ್ಕ ಪಾಯಿಂಟ್‌ಗಳು ಬೇಗ ಸವೆಯುತ್ತವೆ, ಮತ್ತೊಂದು ಹಿಡಿದುಕೊಳ್ಳುತ್ತದೆ. 20 ಇದ್ದದ್ದು 15 ಆಯಿತು, 10 ಆಯಿತು, 6ಕ್ಕೆ ಬಂದು ನಿಂತಿತು. ಆಪರೇಟರ್ ಮಾಡಿದ್ದು ತನಗೆ ಕಂಡಷ್ಟರಲ್ಲಿ ಸರಿಯಾದ ಕೆಲಸವೇ. ಅವರ ಮುಂದಿನ ಪರದೆಯಲ್ಲಿ ಡಿಪಿ ಇತ್ತು, ಹೆಡರಿನ ಒತ್ತಡ ಇರಲಿಲ್ಲ.

ಇಷ್ಟಕ್ಕೂ ಅಲ್ಲಿಗೆ ರಿಲೇ ಬಂದದ್ದು ಹೇಗೆ? ಫಿಲ್ಟರಿನ ಜೊತೆ ಬಂದಿದ್ದ ಮೂಲ ಟೈಮರ್ ಕಾರ್ಡಿನಲ್ಲಿ ರಿಲೇ ಇರಲೇ ಇಲ್ಲ, ಎಂಟು ಮಾಸ್ಫೆಟ್‌ಗಳಿದ್ದವು, ಅಂದರೆ ಪಾಯಿಂಟಿಲ್ಲದ ಟ್ರಾನ್ಸಿಸ್ಟರ್ ಸ್ವಿಚ್‌ಗಳು. ಕಾರ್ಡ್ ಸುಟ್ಟಾಗ ಬದಲಿ ಸಿಗಲು ತಡವಾಗುತ್ತದೆಂದು ಎಲ್ಲವನ್ನೂ ಪಿಎಲ್‌ಸಿಗೆ ತಂದರು. ಒಳ್ಳೆಯ ನಿರ್ಧಾರವೇ. ಮಾಡ್ಯೂಲ್ ಆರಿಸುವಾಗ ಮಾತ್ರ "ರಿಲೇ ಹಾಕಿದರೆ ಎಸಿ ಡಿಸಿ ಎರಡಕ್ಕೂ ಆಗುತ್ತದೆ" ಎಂಬ ಮಾತು ಗೆದ್ದಿತು. ಈ ಮಾತು ನಮ್ಮ ಕಡೆಯ ಪ್ಯಾನೆಲ್ ಅಂಗಡಿಗಳಲ್ಲೆಲ್ಲ ಓಡಾಡುತ್ತದೆ, ಮತ್ತು ಅದು ನಿಜವೂ ಹೌದು. ರಿಲೇ ಪಾಯಿಂಟಿಗೆ ಧ್ರುವದ ಹಂಗಿಲ್ಲ, ವೋಲ್ಟೇಜಿನ ಹಂಗೂ ಹೆಚ್ಚಿಲ್ಲ, ಒಂದೇ ಮಾಡ್ಯೂಲಿನಲ್ಲಿ 24 ಡಿಸಿಯನ್ನೂ 230 ಎಸಿಯನ್ನೂ ಬೇರೆ ಬೇರೆ ಕಾಮನ್‌ನಲ್ಲಿ ಇಟ್ಟುಕೊಳ್ಳಬಹುದು. ಆದರೆ ಎಷ್ಟು ಸಲ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. 1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ ರಿಲೇ ಪ್ಯಾನೆಲ್‌ಗಳ ಕಾಟ ತಾಳಲಾರದೆ ಅವುಗಳಿಗೆ ಬದಲಿ ಬೇಕೆಂದು ಕೇಳಿದ್ದರಿಂದಲೇ ಡಿಕ್ ಮಾರ್ಲಿ ಮತ್ತು ಸಂಗಡಿಗರ ಮಾಡಿಕಾನ್ 084 ಹುಟ್ಟಿದ್ದು, ಪಿಎಲ್‌ಸಿಗಳ ಕಾಲ ಶುರುವಾದದ್ದು. ಲೆಕ್ಕಾಚಾರ ಮಾಡುವ ರಿಲೇಗಳು ಅಂದೇ ಹೋದವು. ಕೊನೆಯ ತಂತಿಯನ್ನು ಕೂಡಿಸಿ ಬಿಡಿಸುವ ರಿಲೇ ಮಾತ್ರ ಉಳಿದುಕೊಂಡಿತು, ಸವೆಯುವ ಸ್ವಭಾವವನ್ನೂ ಜೊತೆಗಿಟ್ಟುಕೊಂಡು.

ಬದಲಿಸಿದ್ದು

ಮೊದಲು ಮನಸ್ಸಿಗೆ ಬಂದದ್ದು ಟ್ರಾನ್ಸಿಸ್ಟರ್ ಔಟ್‌ಪುಟ್ ಮಾಡ್ಯೂಲ್. ಅದರಲ್ಲಿ ಸವೆಯುವ ಪಾಯಿಂಟೇ ಇಲ್ಲ. ಆದರೆ ಸಾಮಾನ್ಯವಾಗಿ ಸಿಗುವ ಮಾಡ್ಯೂಲ್‌ಗಳಲ್ಲಿ ಒಂದು ಔಟ್‌ಪುಟ್ 0.5 ಆಂಪಿಯರ್ ಮಾತ್ರ ಕೊಡುತ್ತದೆ, ನಮಗೆ ಬೇಕಾದದ್ದು 0.83. ಹಾಗಾಗಿ ಟ್ರಾನ್ಸಿಸ್ಟರ್ ಮಾಡ್ಯೂಲಿನ ಮುಂದೆ, ವಾಲ್ವಿಗೊಂದರಂತೆ ಡಿನ್ ರೈಲಿನ ಮೇಲೆ ಕೂರುವ ಡಿಸಿ ಸಾಲಿಡ್ ಸ್ಟೇಟ್ ರಿಲೇ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ರಿಲೇ) ಹಾಕಿದೆವು. ಪ್ರತಿಯೊಂದಕ್ಕೂ ಬೇರೆ ಫ್ಯೂಸ್. ಹಳೆಯ ಜೋಡಣೆಯಲ್ಲಿ ನಾಲ್ಕು ವಾಲ್ವ್‌ಗಳ ಕಾಮನ್‌ಗೆ ಒಂದೇ ದೊಡ್ಡ ಫ್ಯೂಸ್ ಇತ್ತು. ಫಿಲ್ಟರಿನ ಮೇಲ್ಗಡೆ ಬಿಸಿಗೆ ಕೇಬಲ್ ಸುಲಿದು ಶಾರ್ಟ್ ಆದರೆ ಆ ಫ್ಯೂಸಿಗಿಂತ ಮೊದಲು ಪಾಯಿಂಟ್ ಬೆಸೆದುಹೋಗುತ್ತಿತ್ತು.

ಕಡಿಮೆ ಖರ್ಚಿನ ಇನ್ನೊಂದು ದಾರಿಯನ್ನು ಫೌಂಡ್ರಿಯವರೇ ಕೇಳಿದರು: ಇದೇ ರಿಲೇ ಮಾಡ್ಯೂಲ್ ಇರಲಿ, ಅದರ ಮುಂದೆ ಕಿತ್ತು ಹಾಕಬಹುದಾದ ತೆಳು ರಿಲೇಗಳನ್ನು ಹಾಕೋಣ, ಕೆಟ್ಟರೆ ಅದೊಂದನ್ನೇ ಬದಲಿಸಬಹುದಲ್ಲ? 6.2 ಮಿಲಿಮೀಟರ್ ದಪ್ಪದ, 6 ಆಂಪಿಯರಿನ ಆ ರಿಲೇಗಳು ಒಳ್ಳೆಯವು. ಬಹಳ ಕಡೆ ನಾನೇ ಅವನ್ನು ಬರೆದುಕೊಡುತ್ತೇನೆ. ಇಲ್ಲಿ ಬೇಡವೆಂದದ್ದಕ್ಕೆ ಕಾರಣ ಅದೇ ಎಣಿಕೆ. ಅವುಗಳದ್ದೂ ಪಾಯಿಂಟೇ, ಸವೆಯುವುದೂ ಹಾಗೆಯೇ. ಇಂದು ಮಾಡ್ಯೂಲ್ ಬದಲಿಸುವವರು ನಾಳೆ ರಿಲೇ ಬದಲಿಸುತ್ತ ಕೂರಬೇಕಾಗುತ್ತದೆ, ಮತ್ತು ಪ್ರತಿ ಸಲವೂ ಅದು ಗೊತ್ತಾಗುವುದು ಧೂಳು ಹೊರಬಿದ್ದ ಮೇಲೆ.

ಡಯೋಡಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಪುಸ್ತಕದ ಸಲಹೆಯನ್ನು ಹಾಗೇ ಒಪ್ಪಿಕೊಂಡರೆ ಬೇರೆ ತೊಂದರೆ ಬರುತ್ತದೆ. ಡಿಸಿ ಕಾಯಿಲಿಗೆ ಅಡ್ಡಲಾಗಿ ತಿರುಗುಮುರುಗಾಗಿ ಒಂದು 1ಎನ್4007 ಡಯೋಡ್ ಹಾಕಿದರೆ ಮೊನೆ ಪೂರ್ತಿ ಹೋಗುತ್ತದೆ. ಕಾಯಿಲಿನ ಪ್ರವಾಹ ಡಯೋಡಿನೊಳಗೆ ಸುತ್ತಿ ಸುತ್ತಿ ಸಾಯುತ್ತದೆ. ಆದರೆ ನಿಧಾನವಾಗಿ ಸಾಯುತ್ತದೆ. ಬೇರೆ ಕಡೆ ಹಲವು ಹತ್ತು ಮಿಲಿಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಪಲ್ಸ್ ವಾಲ್ವಿನಲ್ಲಿ ಇಡೀ ಪಲ್ಸೇ 100 ಮಿಲಿಸೆಕೆಂಡ್. ಮುಚ್ಚುವುದು ತಡವಾದಷ್ಟೂ ಗಾಳಿ ದಂಡ, ಮತ್ತು ಚೀಲ ಕೊಡವುವ ಹೊಡೆತ ಇರುವುದು ತೆರೆಯುವ ಮೊದಲ ಕ್ಷಣದಲ್ಲಿ, ಆಮೇಲೆ ಸುರಿಯುವ ಗಾಳಿಯಲ್ಲಲ್ಲ. ಅದಕ್ಕೆ ಬರೀ ಡಯೋಡ್ ಬಿಟ್ಟು 33 ವೋಲ್ಟಿನ, ಎರಡೂ ದಿಕ್ಕಿನ ಟಿವಿಎಸ್ ಡಯೋಡ್ ಆರಿಸಿದೆವು. ಅದು 24 ವೋಲ್ಟಿನಲ್ಲಿ ಸುಮ್ಮನಿರುತ್ತದೆ, ಕಾಯಿಲಿನ ವೋಲ್ಟೇಜ್ 33 ದಾಟಿದರೆ ಹಿಡಿದು ನಿಲ್ಲಿಸುತ್ತದೆ. ಹೆಚ್ಚು ವೋಲ್ಟೇಜಿನಲ್ಲಿ ಹಿಡಿದಷ್ಟೂ ಪ್ರವಾಹ ಬೇಗ ಇಳಿಯುತ್ತದೆ. ಹಾಗೆ ಹಿಡಿದಾಗ ಸ್ವಿಚ್ಚಿನ ಮೇಲೆ ಬೀಳುವುದು ಸರಬರಾಜಿನ 24 ಮತ್ತು ಈ 33-36 ಸೇರಿ 60 ವೋಲ್ಟಿನ ಆಸುಪಾಸು. ಆದ್ದರಿಂದ ಸಾಲಿಡ್ ಸ್ಟೇಟ್ ರಿಲೇ 100 ವೋಲ್ಟ್ ತಾಳುವಂಥದ್ದೇ ಬೇಕೆಂದು ಪರ್ಚೇಸ್ ಪಟ್ಟಿಯಲ್ಲಿ ಬರೆಸಿದೆವು. 24 ವೋಲ್ಟ್ ಲೋಡಿಗೆಂದು ಸಿಗುವ 33 ವೋಲ್ಟ್ ಮಿತಿಯವು ಇಲ್ಲಿ ಸುಟ್ಟುಹೋಗುತ್ತಿದ್ದವು.

ಟಿವಿಎಸ್ ಕೂತದ್ದು ಪ್ಯಾನೆಲ್ಲಿನಲ್ಲಲ್ಲ, ಸೊಲೆನಾಯ್ಡಿನ ತಲೆಯ ಮೇಲಿನ ಚೌಕಾಕಾರದ ಡಿನ್ ಪ್ಲಗ್ಗಿನಲ್ಲಿ. ಮೊನೆ ಹುಟ್ಟುವ ಜಾಗದಲ್ಲೇ ಅದನ್ನು ಅಡಗಿಸಿದರೆ ಉದ್ದನೆಯ ಕೇಬಲ್ ಆಂಟೆನಾ ಆಗುವುದಿಲ್ಲ. ಆ ಪ್ಲಗ್‌ಗಳಲ್ಲಿ ಎಲ್‌ಇಡಿಯೂ ಇರುವಂಥವನ್ನು ಆರಿಸಿದ್ದರಿಂದ ಇನ್ನೊಂದು ಉಪಯೋಗವಾಯಿತು: ಕಾಯಿಲಿಗೆ ನಿಜವಾಗಿ ವೋಲ್ಟೇಜ್ ತಲುಪಿದರೆ ಮಾತ್ರ ಆ ದೀಪ ಹತ್ತುತ್ತದೆ. ಪ್ಯಾನೆಲ್ಲಿನ ದೀಪ ಆಜ್ಞೆಯನ್ನು ಹೇಳುತ್ತದೆ, ಮೇಲಿನ ದೀಪ ನಡೆದದ್ದನ್ನು. ಎರಡನ್ನೂ ಹೋಲಿಸಿ ನೋಡುವುದು ಈಗ ಹೆಲ್ಪರ್ ಹುಡುಗನಿಗೂ ಗೊತ್ತು. ಡಿಪಿ ರೀಡಿಂಗಿನ ಕುಣಿತವೂ ನಿಂತಿತು.

ಸಾಲಿಡ್ ಸ್ಟೇಟ್ ಎಂದರೆ ಕೆಡುವುದೇ ಇಲ್ಲ ಎಂದಲ್ಲ. ಕೆಟ್ಟಾಗ ಅದೂ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ವಾಲ್ವ್ ತೆರೆದೇ ನಿಲ್ಲುತ್ತದೆ. ಹಾಗಾಗಿ ಹೆಡರಿಗೊಂದು ಪ್ರೆಷರ್ ಟ್ರಾನ್ಸ್‌ಮಿಟರ್ ಹಾಕಿ, ಪ್ರತಿ ಪಲ್ಸಿನ ನಂತರ ಒತ್ತಡ ಸ್ವಲ್ಪ ಕುಸಿದು ಮತ್ತೆ ಏರಿತೇ ಎಂದು ಪ್ರೋಗ್ರಾಂನಲ್ಲಿ ನೋಡುತ್ತೇವೆ. ಕುಸಿಯದಿದ್ದರೆ ಆ ವಾಲ್ವ್ ತೆರೆದಿಲ್ಲ, ಏರದಿದ್ದರೆ ಮುಚ್ಚಿಲ್ಲ. ಯಾವ ವಾಲ್ವ್ ಎಂಬುದು ಅಲಾರಂನಲ್ಲಿ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೆಲೆಯಿರುವುದು ಈ ನಾಲ್ಕು ಸಾಲಿನ ಲಾಜಿಕ್ಕಿಗೆ.

ಶುಚಿ ಮಾಡುವ ಕ್ರಮವನ್ನೂ ಬದಲಿಸಿದೆವು. ಗಡಿಯಾರ ನೋಡಿ ಇಡೀ ದಿನ ಹೊಡೆಯುವ ಬದಲು ಡಿಪಿ 120 ಮಿಲಿಮೀಟರ್ ನೀರಿನ ಮಟ್ಟ ದಾಟಿದಾಗ ಶುರು, 90ಕ್ಕೆ ಇಳಿದಾಗ ನಿಲುಗಡೆ, ಅಂತರ 15 ಸೆಕೆಂಡ್. ಈಗ ಪ್ರತಿ ವಾಲ್ವ್ ದಿನಕ್ಕೆ 150-200 ಸಲ ಹೊಡೆಯುತ್ತದೆ. ಚೀಲದ ಮೇಲೆ ತೆಳುವಾಗಿ ಕೂತ ಧೂಳಿನ ಪದರವೇ ಸಣ್ಣ ಕಣಗಳನ್ನು ಹಿಡಿಯುವುದರಿಂದ ಅತಿಯಾಗಿ ಕೊಡವಿದರೆ ಧೂಳು ಹೊರಹೋಗುವುದು ಹೆಚ್ಚುತ್ತದೆ, ಬಟ್ಟೆಯೂ ಬೇಗ ಹರಿಯುತ್ತದೆ. ಕಂಪ್ರೆಸರಿನ ಹೊರೆಯೂ ಇಳಿಯಿತು.

ಏರ್‌ಲಾಕ್ ವಿಷಯ

ವಾಲ್ವ್‌ಗಳ ಗಲಾಟೆಯಲ್ಲಿ ಯಾರ ಗಮನಕ್ಕೂ ಬಾರದಿದ್ದ ಒಂದು ಸಂಗತಿ ಆ ಮಾಡ್ಯೂಲಿನ ಮೂರನೆಯ ಕಾಮನ್‌ನಲ್ಲಿತ್ತು, ಮತ್ತು ಸ್ಥಳದಲ್ಲಿ ಮೊದಲು ಸರಿಪಡಿಸಲು ನಾವು ಕೇಳಿದ್ದು ಅದನ್ನೇ. ರೋಟರಿ ಏರ್‌ಲಾಕಿನೊಳಗೆ ತುಂಡು ಲೋಹವೋ ಗಟ್ಟಿ ಮರಳೋ ಸಿಕ್ಕಿಕೊಂಡರೆ ಕೈ ಹಾಕಿ ತೆಗೆಯುವ ರೂಢಿ ಎಲ್ಲ ಕಡೆ ಇದೆ. ಆ ಏರ್‌ಲಾಕನ್ನು ನಿಲ್ಲಿಸುತ್ತಿದ್ದದ್ದು ಪಿಎಲ್‌ಸಿಯ ರಿಲೇ ಪಾಯಿಂಟ್. ಎಮರ್ಜೆನ್ಸಿ ಸ್ಟಾಪ್ ಬಟನ್ ಒತ್ತಿದರೆ ಪಿಎಲ್‌ಸಿಗೆ ಒಂದು ಇನ್‌ಪುಟ್ ಹೋಗುತ್ತಿತ್ತು, ಪಿಎಲ್‌ಸಿ ಅದೇ ರಿಲೇಯನ್ನು ಬಿಡುತ್ತಿತ್ತು. ಕಾಂಟ್ಯಾಕ್ಟರ್ ಕಾಯಿಲ್ ಎಳೆದುಕೊಳ್ಳುವಾಗ 70 ವಿಎ ಆಸುಪಾಸು ಕೇಳುತ್ತದೆ, ಹಿಡಿದುಕೊಂಡ ಮೇಲೆ 8-10 ವಿಎ ಸಾಕು. ಕೂಡುವ ಆ ಒಂದು ಕ್ಷಣದ ಹೊಡೆತವೇ ಪಾಯಿಂಟನ್ನು ಬೆಸೆಯಬಲ್ಲದು. ಬೆಸೆದರೆ ಬಟನ್ ಒತ್ತಿದರೂ ಎಲ್‌ಇಡಿ ಆರುತ್ತದೆ, ಪರದೆಯಲ್ಲಿ "ನಿಂತಿದೆ" ಎಂದು ಬರುತ್ತದೆ, ಏರ್‌ಲಾಕ್ ತಿರುಗುತ್ತಲೇ ಇರುತ್ತದೆ. ಅದೇ ಮಾಡ್ಯೂಲಿನ ಮೂರನೆಯ ವಾಲ್ವ್ ನಮ್ಮೆದುರೇ ಹಾಗೆ ಮಾಡಿ ತೋರಿಸಿತ್ತು.

ಈಗ ಎಮರ್ಜೆನ್ಸಿ ಸ್ಟಾಪ್ ನೇರವಾಗಿ ಒಂದು ಸೇಫ್ಟಿ ರಿಲೇಗೆ ಹೋಗುತ್ತದೆ, ಅದು ಕಾಂಟ್ಯಾಕ್ಟರ್ ಕಾಯಿಲಿನ ಸರಬರಾಜನ್ನೇ ಕತ್ತರಿಸುತ್ತದೆ. ಪಿಎಲ್‌ಸಿಯ ಪಾಯಿಂಟ್ ಅದರ ನಂತರದ ಸಾಲಿನಲ್ಲಿದೆ. ಸೇಫ್ಟಿ ರಿಲೇಯಲ್ಲಿ ಪಾಯಿಂಟ್‌ಗಳು ಒಂದಕ್ಕೊಂದು ಯಾಂತ್ರಿಕವಾಗಿ ಜೋಡಿಸಿರುತ್ತವೆ. ಐಇಸಿ 61810-3 ಹೇಳುವ ಈ ಬಗೆಯ ರಿಲೇಯಲ್ಲಿ ತೆರೆದಿರಬೇಕಾದ ಪಾಯಿಂಟ್ ಬೆಸೆದುಕೊಂಡರೆ ಮುಚ್ಚಬೇಕಾದ ಜೋಡಿ ಪಾಯಿಂಟ್ ಮುಚ್ಚಲು ಸಾಧ್ಯವೇ ಇಲ್ಲ, ಹಾಗಾಗಿ ದೋಷ ಬಚ್ಚಿಟ್ಟುಕೊಳ್ಳುವುದಿಲ್ಲ, ಮುಂದಿನ ಸ್ಟಾರ್ಟ್ ಆಗುವುದಿಲ್ಲ. ಕಾಂಟ್ಯಾಕ್ಟರಿನ ಸಹಾಯಕ ಪಾಯಿಂಟನ್ನು ಪಿಎಲ್‌ಸಿಗೆ ಇನ್‌ಪುಟ್ ಕೊಟ್ಟಿದ್ದೇವೆ. ಇಷ್ಟಾದರೂ ಏರ್‌ಲಾಕ್ ಬಿಚ್ಚುವ ಮುನ್ನ ಪಕ್ಕದ ಐಸೊಲೇಟರ್ ಇಳಿಸಿ, ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲಿರಬೇಕು. ಯಾವ ರಿಲೇಯೂ ಆ ಬೀಗಕ್ಕೆ ಬದಲಿಯಲ್ಲ.

ಎಸಿ ಕಾಯಿಲ್‌ಗಳಿಗೆ 0.1 ಮೈಕ್ರೋಫ್ಯಾರಡ್ ಮತ್ತು 100 ಓಮ್‌ನ ಆರ್‌ಸಿ ಸ್ನಬ್ಬರ್ (ಮೊನೆ ಅಡಗಿಸುವ ಕೆಪಾಸಿಟರ್-ರೆಸಿಸ್ಟರ್ ಜೋಡಿ) ಹಾಕಿದೆವು. ಪ್ಯಾನೆಲ್ ಹುಡುಗರು ಅದನ್ನು ಮಾಡ್ಯೂಲಿನ ಟರ್ಮಿನಲ್‌ನಲ್ಲಿ, ಅಂದರೆ ಪಾಯಿಂಟಿಗೆ ಅಡ್ಡಲಾಗಿ ಹಾಕಲು ಹೊರಟಿದ್ದರು, ಅಲ್ಲಿ ಕೈಗೆ ಸುಲಭ. ಹಾಗೆ ಹಾಕಿದರೆ ಪಾಯಿಂಟ್ ತೆರೆದಿದ್ದರೂ ಕೆಪಾಸಿಟರ್ ಮೂಲಕ 230 ವೋಲ್ಟಿನಲ್ಲಿ 7 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ. ದೊಡ್ಡ ಕಾಂಟ್ಯಾಕ್ಟರಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣ ರಿಲೇಯೊಂದನ್ನು ಬಿಡದೆ ಹಿಡಿದುಕೊಳ್ಳಲು ಕೆಲವೊಮ್ಮೆ ಸಾಕು. ಸ್ನಬ್ಬರ್ ಕಾಯಿಲಿನ ಎ1-ಎ2 ಟರ್ಮಿನಲ್‌ಗಳಿಗೇ ಹೋಯಿತು.

ರಿಲೇ ಮಾಡ್ಯೂಲನ್ನು ಪ್ಯಾನೆಲ್ಲಿನಿಂದ ತೆಗೆದುಹಾಕಲಿಲ್ಲ. ಹೂಟರ್, ಎರಡು ಕಾಂಟ್ಯಾಕ್ಟರ್‌ಗಳು, ಫ್ಯಾನ್ ಪ್ಯಾನೆಲ್ಲಿನ ಸಿಗ್ನಲ್ ಅದರಲ್ಲೇ ಇವೆ. ದಿನಕ್ಕೆ ಹೆಚ್ಚೆಂದರೆ 20 ಸಲ ಕೂಡಿ ಬಿಡುವ ಪಾಯಿಂಟಿಗೆ ಒಂದು ಲಕ್ಷವೆಂದರೆ ಹದಿಮೂರು ವರ್ಷಕ್ಕೂ ಮೇಲೆ. ಫ್ಯಾನಿನ ಡ್ರೈವಿಗೆ ಬೇರೆಯೇ ಸರಬರಾಜು, ಎರಡು ಪ್ಯಾನೆಲ್‌ಗಳ ನಡುವೆ ವೋಲ್ಟೇಜ್ ಬೆರೆಯದ ಪೊಟೆನ್ಷಿಯಲ್ ಫ್ರೀ ಕಾಂಟ್ಯಾಕ್ಟ್ ಅಲ್ಲಿ ಬೇಕೇ ಬೇಕು, ಅದಕ್ಕೆ ರಿಲೇಗಿಂತ ಒಳ್ಳೆಯದು ಇಲ್ಲ. ಅಲ್ಲಿ ಹರಿಯುವುದು ಕೆಲವೇ ಮಿಲಿಆಂಪಿಯರ್ ಆದ್ದರಿಂದ ಆ ಒಂದು ಪಾಯಿಂಟ್ ಮೊದಲಿನಿಂದಲೂ ದೊಡ್ಡ ಲೋಡ್ ನೋಡಿರದಂಥದ್ದೇ ಆಗಬೇಕು. ಆರ್ಕ್ ತಿಂದು ಮಸಿ ಹಿಡಿದ ಪಾಯಿಂಟ್ ಅಷ್ಟು ಸಣ್ಣ ಪ್ರವಾಹವನ್ನು ನಂಬಿಕೆಯಿಂದ ದಾಟಿಸುವುದಿಲ್ಲ. ಹಾಗಾಗಿ ಮಾಡ್ಯೂಲ್ ಹೊಸದು, ವಾಲ್ವ್‌ಗಳಿಗೆ ದುಡಿದದ್ದಲ್ಲ. ಪಿಎಲ್‌ಸಿಯಲ್ಲಿ ಪ್ರತಿ ರಿಲೇ ಔಟ್‌ಪುಟ್‌ಗೂ ಕರೆಂಟ್ ಹೋದರೂ ಅಳಿಯದ ಒಂದು ಎಣಿಕೆ ಇಟ್ಟಿದ್ದೇವೆ, 80,000 ಮುಟ್ಟಿದರೆ ಮೇಂಟೆನೆನ್ಸ್ ಪರದೆಯಲ್ಲಿ ಹಳದಿ ಸಾಲು ಬರುತ್ತದೆ.

ಈ ಕೆಲಸ ಮುಗಿಯುವ ಹೊತ್ತಿಗೆ ಅದೇ ಫೌಂಡ್ರಿಯವರು ಹೊಸ ಕೋರ್ ಓವನ್ನಿನ (ಅಚ್ಚಿನೊಳಗೆ ಇಡುವ ಮರಳಿನ ಕೋರ್‌ಗಳನ್ನು ಒಣಗಿಸುವ ಒಲೆಯ) ಡ್ರಾಯಿಂಗ್ ಮುಂದಿಟ್ಟರು. ಹೀಟರ್ ನಿಯಂತ್ರಣಕ್ಕೆ ಪಿಐಡಿ (ತಾಪಮಾನವನ್ನು ಸ್ಥಿರವಾಗಿಡುವ ಲಾಜಿಕ್), ಔಟ್‌ಪುಟ್ ರಿಲೇ, ಸೈಕಲ್ ಸಮಯ 2 ಸೆಕೆಂಡ್ ಎಂದು ಬರೆದಿತ್ತು. ಹಿರಿಯ ಎಲೆಕ್ಟ್ರಿಷಿಯನ್ ಡ್ರಾಯಿಂಗಿನ ಅಂಚಿನಲ್ಲೇ ಪೆನ್ಸಿಲಿನಿಂದ ಗುಣಿಸಿದರು: ಗಂಟೆಗೆ 1,800, ಎರಡು ಪಾಳಿಗೆ 28,800. ಒಂದು ಲಕ್ಷಕ್ಕೆ ನಾಲ್ಕು ದಿನವೂ ಇಲ್ಲ. ರಿಲೇ ಎಂಬಲ್ಲಿ ಅಡ್ಡಗೆರೆ ಎಳೆದು ಟ್ರಾನ್ಸಿಸ್ಟರ್ ಔಟ್‌ಪುಟ್, ಅದರ ಮುಂದೆ ಸಾಲಿಡ್ ಸ್ಟೇಟ್ ರಿಲೇ ಎಂದು ಬರೆದು ಪರ್ಚೇಸ್‌ಗೆ ಕಳಿಸಿದರು.